ಮನುಷ್ ಜಾಜ್

ಅತ್ತಾವರದ ನಮ್ಮ ಮನೆಯಲ್ಲಿ ಮಾತು ಉರ್ದು. ಕ್ಲಾಸಿನಲ್ಲಿ ಹೆಚ್ಚಿನವರದ್ದು ಬ್ಯಾರಿ. ಹಾಗಾಗಿ "ನಿಮ್ಮದು ಮೂಲ ಯಾವೂರು?" ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಅಬ್ಬಾ ಹುಟ್ಟಿದ್ದೂ ಇಲ್ಲೇ ಎಂದರೆ, "ಅಲ್ಲ, ಅದಕ್ಕಿಂತ ಮೊದಲು?" ಇದೇ ಪ್ರಶ್ನೆಯನ್ನು ಯುರೋಪಿನಲ್ಲಿ ಶತಮಾನಗಳಿಂದ ಎದುರಿಸಿದ ಜನರ ಸಂಗೀತವೊಂದಿದೆ. ಅದರ ಹೆಸರು ಜಿಪ್ಸಿ ಜಾಜ್.

ದಸರಾ ರಜೆಯಲ್ಲಿ ಅದನ್ನು ಮೊಬೈಲಿನಲ್ಲಿ ಕೇಳುತ್ತಿದ್ದೆ. ದಾದಿ ಪಕ್ಕದಲ್ಲಿ ಕುಳಿತು, ಡೋಲಕ್ ಬಾರಿಸುವವನು ಯಾರೋ ಗಟ್ಟಿಗ ಎಂದರು. ಆದರೆ ಅದರಲ್ಲಿ ಡೋಲಕ್ ಇಲ್ಲ, ಡ್ರಮ್ಮೂ ಇಲ್ಲ. ದಫ್ ಕೇಳಿ ಬೆಳೆದ ನಮಗೆ ಇದನ್ನು ನಂಬುವುದು ಕಷ್ಟ. ಇಲ್ಲಿ ತಾಳದ ಕೆಲಸವೂ ಗಿಟಾರಿನದ್ದೇ. ಬಲಗೈ ತಂತಿ ಮೀಟಿದ ಕೂಡಲೇ ಎಡಗೈ ಬೆರಳುಗಳನ್ನು ಸಡಿಲಿಸಿ ಸದ್ದನ್ನು ತುಂಡರಿಸಬೇಕು. ನಾಲ್ಕು ಎಣಿಕೆಯಲ್ಲಿ ಎರಡನೆಯದು, ನಾಲ್ಕನೆಯದು ಗಿಡ್ಡವಾಗಿ, ಚುರುಕಾಗಿ ಬೀಳುತ್ತವೆ. ಫ್ರೆಂಚರು ಇದನ್ನು 'ಲಾ ಪೊಂಪ್', ಅಂದರೆ ಪಂಪು ಎನ್ನುತ್ತಾರೆ. ಸೈಕಲ್ಲಿಗೆ ಗಾಳಿ ಹಾಕಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

1934ರಲ್ಲಿ ಪ್ಯಾರಿಸ್‌ನಲ್ಲಿ ಜಾಂಗೋ ರೈನ್‌ಹಾರ್ಟ್ ಮತ್ತು ಸ್ಟೆಫಾನ್ ಗ್ರಾಪೆಲಿ ಸೇರಿದ್ದ ತಂಡದಿಂದ ಈ ಶೈಲಿ ಹೆಸರಾಯಿತು. ಮೂರು ಗಿಟಾರ್, ಒಂದು ಪಿಟೀಲು, ಒಂದು ಡಬಲ್ ಬಾಸ್, ಅಷ್ಟೇ. ಜಾಂಗೋ 1910ರಲ್ಲಿ ಬೆಲ್ಜಿಯಂನಲ್ಲಿ, ಬಂಡಿಯಲ್ಲಿ ಊರೂರು ತಿರುಗುವ ಕುಟುಂಬದಲ್ಲಿ ಹುಟ್ಟಿದವನು. 1928ರಲ್ಲಿ ಆ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈ ಸುಟ್ಟಿತು. ಉಂಗುರ ಬೆರಳು, ಕಿರುಬೆರಳು ಸೆಟೆದುಹೋದವು. ಆಗ ಅವನಿಗೆ 18 ವರ್ಷ, ನನಗಿಂತ ಒಂದೇ ವರ್ಷ ದೊಡ್ಡವನು. ಉಳಿದ ಎರಡು ಬೆರಳುಗಳಲ್ಲೇ ವೇಗದ ಸ್ವರಗಳನ್ನು ನುಡಿಸಲು ಹೊಸದಾಗಿ ಕಲಿತ. ಬೆರಳು ಸಾಲದ್ದಕ್ಕೆ ಕೈಯೇ ಗಿಟಾರಿನ ಉದ್ದಕ್ಕೂ ಓಡಬೇಕಾಯಿತು. ಈಗ ಎಲ್ಲ ಬೆರಳು ಸರಿಯಿರುವವರೂ ಆ ಓಟ ಕಲಿಯಲು ಒದ್ದಾಡುತ್ತಾರೆ.

'ಜಿಪ್ಸಿ' ಅವರು ಇಟ್ಟುಕೊಂಡ ಹೆಸರಲ್ಲ. ಈಜಿಪ್ಟಿನಿಂದ ಬಂದವರೆಂದು ತಪ್ಪು ತಿಳಿದು ಬೇರೆಯವರು ಇಟ್ಟದ್ದು. ಅವರು ರೋಮಾ ಜನ, ಅದರಲ್ಲಿ ಜಾಂಗೋನ ಪಂಗಡ 'ಮನುಷ್'. ರೋಮಾನಿ ಭಾಷೆಯಲ್ಲಿ ಹಾಗೆಂದರೆ ಮನುಷ್ಯ! ಫ್ರಾನ್ಸಿನಲ್ಲಿ ಈ ಸಂಗೀತಕ್ಕೂ ಅದೇ ಹೆಸರು. ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳಿಗೂ ಆ ಹೆಸರು ಕೊಟ್ಟದ್ದು ಹೊರಗಿನವರು. ಅವರ ಭಾಷೆ ವಾಗ್ರಿ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಲಕ್ಷಾಂತರ ರೋಮಾ ಜನರನ್ನು ಕೊಂದರು. 1943ರಲ್ಲಿ ಜಾಂಗೋ ಸ್ವಿಟ್ಜರ್ಲೆಂಡಿಗೆ ದಾಟಲು ಹೋಗಿ ಸಿಕ್ಕಿಬಿದ್ದ. ಹೇಗೋ ಉಳಿದುಕೊಂಡ.

ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟವರು. ಅದಕ್ಕೆ ದೊಡ್ಡ ಸಾಕ್ಷಿ ಅವರ ಭಾಷೆ. ಅವರ ಎಣಿಕೆಯನ್ನು ದಾದಿಗೆ ಓದಿ ಹೇಳಿದೆ: ಯೆಕ್, ದುಯ್, ತ್ರಿನ್, ಶ್ತಾರ್, ಪಾಂಜ್. ದಾದಿ ಜೊತೆಗೇ ಏಕ್, ದೋ, ತೀನ್ ಎನ್ನುತ್ತಾ ಬಂದರು. ಏಳಕ್ಕೆ 'ಎಫ್ತಾ' ಎಂದಾಗ ನಿಂತರು. ಏಳು, ಎಂಟು, ಒಂಬತ್ತಕ್ಕೆ ಅವರು ಬಳಸುವುದು ಗ್ರೀಕ್ ಮೂಲದ ಪದ. ಹತ್ತಕ್ಕೆ ಮತ್ತೆ 'ದೆಶ್', ನಮ್ಮ ದಸ್. ದಾರಿಯಲ್ಲಿ ಎಲ್ಲಿ ತಂಗಿದ್ದರೆಂದು ಎಣಿಕೆಯೇ ಹೇಳುತ್ತದೆ.

ಹಾಗೆಂದು ಈ ಸಂಗೀತವೂ ನಮ್ಮದೇ ಎಂದು ಹೆಮ್ಮೆಪಡಲು ನನಗೆ ಮನಸ್ಸಿಲ್ಲ. ಪ್ಯಾರಿಸ್ಸಿನ ಅಕಾರ್ಡಿಯನ್ ಕುಣಿತದ ಹಾಡುಗಳು, ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡುಗಳು, ಮನುಷ್ ಜನರ ಸ್ವಂತ ಕೈಚಳಕ, ಇಷ್ಟು ಸೇರಿ ಅದು ಹುಟ್ಟಿದ್ದು ಪ್ಯಾರಿಸ್‌ನಲ್ಲೇ.

ಕೇಳಬೇಕೆನಿಸಿದರೆ 1937ರ 'ಮೈನರ್ ಸ್ವಿಂಗ್'ನಿಂದ ಶುರುಮಾಡಿ. ಮೂರು ನಿಮಿಷ ಚಿಲ್ಲರೆ. ಮೊದಲ ಸಲ ಪಿಟೀಲನ್ನು ಬಿಟ್ಟು, ಹಿಂದಿನ ಗಿಟಾರುಗಳನ್ನು ಮಾತ್ರ ಕೇಳಿ.