ಕಾಫಿ ತೋಟದ ದುಡಿಮೆಗಾರರಲ್ಲಿ ನರಹುಲಿ: ಲಕ್ಷಣ, ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ಕೊಡಗಿನ ಅಮ್ಮತ್ತಿ ಸುತ್ತಮುತ್ತಲಿನ ಕಾಫಿ ತೋಟಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿಯುವವರ ಕೈಕಾಲು ಒಣಗುವುದೇ ಅಪರೂಪ. ನೆನೆದು ಮೆತ್ತಗಾದ ಚರ್ಮಕ್ಕೆ ಮುಳ್ಳು, ಕತ್ತಿ ತಗುಲಿ ಉಂಟಾಗುವ ಸಣ್ಣ ಗೀರುಗಳ ಮೂಲಕವೇ ನರಹುಲಿಯ ವೈರಾಣು ಒಳಸೇರುತ್ತದೆ. ಆದ್ದರಿಂದ ರೈತ ಬಾಂಧವರು ಹಾಗೂ ಕಾರ್ಮಿಕರು ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಕಾರಣ
ನರಹುಲಿಗೆ ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಾಣುವೇ ಕಾರಣ. ಸೋಂಕು ತಗುಲಿದ ಸಾಮಾನ್ಯವಾಗಿ 2 ರಿಂದ 6 ತಿಂಗಳ ನಂತರ ಗಂಟು ಕಾಣಿಸಿಕೊಳ್ಳುತ್ತದೆ. ಕಪ್ಪೆ ಮುಟ್ಟಿದರೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ದನಗಳ ಮೊಲೆತೊಟ್ಟಿನ ನರಹುಲಿಗೆ ಬೇರೆಯೇ ಜಾತಿಯ ವೈರಾಣು ಕಾರಣ.

ಆಣಿಯೋ, ನರಹುಲಿಯೋ?
ಅಂಗಾಲಿನಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ. ಆಣಿಯನ್ನು ನೇರವಾಗಿ ಒತ್ತಿದಾಗ ನೋವು ಹೆಚ್ಚು. ನರಹುಲಿಯನ್ನು ಎರಡೂ ಬದಿಗಳಿಂದ ಹಿಂಡಿದಾಗ ನೋವು ಹೆಚ್ಚು. ನರಹುಲಿಯ ಮೇಲೆ ಚರ್ಮದ ಗೆರೆಗಳು ಕಡಿದುಹೋಗಿರುತ್ತವೆ. ಅದರಲ್ಲಿ ಕಾಣುವ ಕಪ್ಪು ಚುಕ್ಕೆಗಳು ಬೇರುಗಳಲ್ಲ, ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು.

ಚಿಕಿತ್ಸೆ
ಮಕ್ಕಳಲ್ಲಿ ಬಹುಪಾಲು ನರಹುಲಿಗಳು ಸುಮಾರು ಎರಡು ವರ್ಷಗಳೊಳಗೆ ತಾವಾಗಿಯೇ ಮಾಯವಾಗುತ್ತವೆ. ಚಿಕಿತ್ಸೆ ಬೇಕೆನಿಸಿದರೆ ಸ್ಯಾಲಿಸಿಲಿಕ್ ಆಮ್ಲದ ಔಷಧ ಸುಲಭವಾಗಿ ದೊರೆಯುತ್ತದೆ. ಪ್ರತಿದಿನ ಆ ಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ 5–10 ನಿಮಿಷ ನೆನೆಸಿ, ಸತ್ತ ಚರ್ಮವನ್ನು ಮೃದುವಾಗಿ ಉಜ್ಜಿ ತೆಗೆದು, ಒರೆಸಿ, ಗಂಟಿನ ಮೇಲೆ ಮಾತ್ರ ಹಚ್ಚಬೇಕು. ಸುಮಾರು 12 ವಾರ ಬಿಡದೆ ಹಚ್ಚುವುದು ಮುಖ್ಯ. ಇದನ್ನು ಮುಖಕ್ಕೆ ಹಾಗೂ ಗುಪ್ತಾಂಗಕ್ಕೆ ಹಚ್ಚಬಾರದು. ಗುಣವಾಗದಿದ್ದಲ್ಲಿ ಚರ್ಮವೈದ್ಯರು ದ್ರವ ಸಾರಜನಕದಿಂದ ಗಂಟನ್ನು ಹೆಪ್ಪುಗಟ್ಟಿಸಿ ತೆಗೆಯುತ್ತಾರೆ.

ಮಾಡಬಾರದ್ದು
ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ ಮತ್ತು ಸುಣ್ಣ ಬಳ್ಳಿಯ ರೋಗಕ್ಕೇ ಹೊರತು ಮನುಷ್ಯನ ಚರ್ಮಕ್ಕಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಸುತ್ತಲಿನ ಚರ್ಮವನ್ನೂ ಸುಟ್ಟು ಹುಣ್ಣಾಗಿಸುತ್ತದೆ. ಬ್ಲೇಡಿನಿಂದ ಕೊಯ್ದರೆ ರಕ್ತಸ್ರಾವ, ಕೀವು ಉಂಟಾಗುವುದಲ್ಲದೆ ವೈರಾಣು ಪಕ್ಕದ ಚರ್ಮಕ್ಕೂ ಹರಡುತ್ತದೆ.

ಮುನ್ನೆಚ್ಚರಿಕೆ
• ತೋಟದಲ್ಲಿ ಗಂಬೂಟು, ಕೈಗವಸು ಧರಿಸಿ. ಅವುಗಳನ್ನು ಪರಸ್ಪರ ಬದಲಾಯಿಸಿಕೊಳ್ಳಬೇಡಿ.
• ಕೆಲಸ ಮುಗಿದೊಡನೆ ಕೈಕಾಲು ತೊಳೆದು, ಬೆರಳ ಸಂದುಗಳನ್ನೂ ಒರೆಸಿ ಒಣಗಿಸಿ.
• ಟವೆಲ್, ಬ್ಲೇಡ್, ಉಗುರುಕತ್ತರಿ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿರಲಿ.
• ಲೈನ್‌ಮನೆಗಳ ಸಾಮೂಹಿಕ ಸ್ನಾನಗೃಹದಲ್ಲಿ ಚಪ್ಪಲಿ ಧರಿಸಿ.
• ಗಾಯಗಳಿಗೆ ಕೂಡಲೇ ಪಟ್ಟಿ ಕಟ್ಟಿ. ಗಂಟನ್ನು ಕೆರೆಯಬೇಡಿ, ಉಗುರು ಕಚ್ಚಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?
ಮಧುಮೇಹ ಅಥವಾ ಕಾಲಿನ ಸ್ಪರ್ಶಜ್ಞಾನದ ಕೊರತೆ ಇರುವವರು ಯಾವುದೇ ಸ್ವಯಂ ಚಿಕಿತ್ಸೆಗೆ ಮುಂದಾಗದೆ ನೇರವಾಗಿ ವೈದ್ಯರನ್ನು ಕಾಣಬೇಕು. ಇಂಥವರಲ್ಲಿ ಸಣ್ಣ ಸುಟ್ಟಗಾಯವೂ ಕಾಲಿಗೆ ಅಪಾಯ ತರಬಲ್ಲದು. ವೇಗವಾಗಿ ಬೆಳೆಯುವ, ಬಣ್ಣ ಬದಲಾಗುವ, ರಕ್ತ ಒಸರುವ ಗಂಟನ್ನು, ಅದರಲ್ಲೂ ವಯಸ್ಸಾದವರಲ್ಲಿ ಹೊಸದಾಗಿ ಕಂಡದ್ದನ್ನು, ನರಹುಲಿಯೆಂದು ಕಡೆಗಣಿಸಬಾರದು. ಅದು ಚರ್ಮದ ಕ್ಯಾನ್ಸರ್ ಕೂಡ ಆಗಿರಬಹುದು. ಕಾಫಿ ಕೊಯ್ಲು ಮುಗಿಯಲೆಂದು ಕಾಯದೆ ಸಮೀಪದ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಿ.