ಗಂಡಸರ ಉಡುಪೂ ಮನೋಧೈರ್ಯವೂ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ನಮ್ಮ ಹಿರಿಯರು ಉಡುಪಿನ ವಿಚಾರದಲ್ಲಿ ಹೇಳುತ್ತ ಬಂದಿದ್ದಾರೆ. ಉಣ್ಣುವುದು ನಮ್ಮ ರುಚಿಗಾಗಿ, ಉಡುವುದು ಕಾಣುವವರ ಕಣ್ಣಿಗಾಗಿ ಎಂಬುದು ಇದರ ತಾತ್ಪರ್ಯ. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವನ್ನು ನನಗೆ ಕಲಿಸಿದವನು ಹನ್ನೊಂದು ವರ್ಷದ ಒಬ್ಬ ಬಾಲಕನು.

ನಾನು ಉಪಾಧ್ಯಾಯವೃತ್ತಿಗೆ ಸೇರಿದ ಹೊಸತು. ಆ ಹುಡುಗನು ಶಬ್ದರೂಪಗಳನ್ನು ಕುಳಿತಲ್ಲಿಂದಲೇ ತಪ್ಪಿಲ್ಲದೆ ಒಪ್ಪಿಸುವನು. ಕಪ್ಪುಹಲಗೆಯ ಬಳಿಗೆ ಬಂದು ಬರೆಯೆಂದರೆ ಮಾತ್ರ ಏಳನು. ಇದನ್ನು ಉದ್ಧಟತನವೆಂದು ಬಗೆದು ಒಂದು ದಿನ ಅವನ ರಟ್ಟೆ ಹಿಡಿದು ಎಬ್ಬಿಸಿದೆನು. ಚಡ್ಡಿಯ ಹಿಂಭಾಗವು ಹರಿದು ಎರಡು ಪಿನ್ನುಗಳ ಆಧಾರದಿಂದ ನಿಂತಿತ್ತು. ತರಗತಿಯೆಲ್ಲ ನಕ್ಕಿತು. ಆ ನಗೆಯ ಪಾಪದಲ್ಲಿ ಹೆಚ್ಚಿನ ಪಾಲು ನನ್ನದೇ. ಮರುದಿನ ಅವನು ಬರಲಿಲ್ಲ. ಮೂರನೆಯ ದಿನ ನಾನೇ ಅವನ ಮನೆಗೆ ಹೋಗಿ ಕರೆತಂದೆನು. ಅಂದಿನಿಂದ ನನ್ನ ಮೇಜಿನ ಖಾನೆಯಲ್ಲಿ ಸೂಜಿಯೂ ಖಾಕಿ ದಾರದ ಉಂಡೆಯೂ ಸೇರಿದವು. ಹೊಲಿಗೆ ಒರಟಾಗಿಯೇ ಇತ್ತು. ಆದರೂ ವಾರವೊಂದು ಕಳೆಯುವಷ್ಟರಲ್ಲಿ ಅವನು ಕರೆಯುವುದಕ್ಕೆ ಮುಂಚೆಯೇ ಹಲಗೆಯ ಬಳಿಗೆ ಬರತೊಡಗಿದನು. ನಾನು ಅವನಿಗೆ ಹೊಸ ಬಟ್ಟೆಯನ್ನೇನೂ ಕೊಟ್ಟಿರಲಿಲ್ಲ.

ಬೆಳೆದ ಗಂಡಸರಲ್ಲಿಯೂ ಈ ಅಳುಕು ಇಲ್ಲದಿಲ್ಲ. ಮದುವೆಯ ಮನೆಯಲ್ಲಿ ಕಂಬದ ಮರೆಯನ್ನು ಹುಡುಕುವ ಗೃಹಸ್ಥನನ್ನೂ, ಉದ್ಯೋಗದ ಸಂದರ್ಶನಕ್ಕೆ ಹೋಗಿ ಅಂಗಿಯ ತೋಳನ್ನು ಎಳೆದೆಳೆದುಕೊಳ್ಳುವ ತರುಣನನ್ನೂ ವಾಚಕರು ಕಂಡಿರಬಹುದು. ತಮ್ಮ ಬಟ್ಟೆಗೆ ಬೆಲೆ ಸಾಲದೆಂದು ಅವರ ಕೊರಗು. ನಾನು ನೋಡಿದಮಟ್ಟಿಗೆ ಬಹುಪಾಲು ದೋಷವಿರುವುದು ಅಳತೆಯಲ್ಲಿ.

ಇಲ್ಲಿ ನಮ್ಮವರ ಅಜ್ಞಾನವು ಸೋಜಿಗವಾದುದು. ಎತ್ತಿನ ಕೊರಳಿಗೆ ಎಷ್ಟುದ್ದದ ಹಗ್ಗ ಬೇಕೆಂದು ಕಣ್ಣಳತೆಯಿಂದ ಹೇಳಬಲ್ಲ ಯಜಮಾನನಿಗೆ ತನ್ನ ಕೊರಳಿನ ಅಳತೆ ತಿಳಿಯದು. ಅದನ್ನು ಮಡದಿಯನ್ನು ಕೇಳಬೇಕು. ಸಿದ್ಧ ಉಡುಪಿನ ಅಂಗಡಿಯಲ್ಲಿ ಅಂಗಿಗಳ ಮೇಲೆ ಕಾಣುವ 38, 40, 42 ಎಂಬ ಅಂಕಗಳು ಸಾಮಾನ್ಯವಾಗಿ ಎದೆಯ ಸುತ್ತಳತೆಯನ್ನು ಅಂಗುಲಗಳಲ್ಲಿ ಸೂಚಿಸತಕ್ಕವು. ಆದರೆ ಒಬ್ಬ ತಯಾರಕನ 40 ಮತ್ತೊಬ್ಬನ 40ಕ್ಕೆ ಸಮನಾಗಿರಬೇಕೆಂಬ ನಿಯಮವಿಲ್ಲವಾದುದರಿಂದ ತೊಟ್ಟು ನೋಡದೆ ಕೊಳ್ಳಲಾಗದು. ಮೊದಲು ನೋಡತಕ್ಕದ್ದು ಹೆಗಲನ್ನು. ಹೆಗಲಿನ ಎಲುಬು ಮುಗಿಯುವಲ್ಲಿಯೇ ತೋಳಿನ ಹೊಲಿಗೆಯು ಕೂಡಬೇಕು. ಅದು ಕೆಳಗಿಳಿದು ರಟ್ಟೆಯ ಮೇಲೆ ಕುಳಿತರೆ ಅಣ್ಣನ ಅಂಗಿಯನ್ನು ತಮ್ಮನು ತೊಟ್ಟಂತಾಗುವುದು. ಸೊಂಟವನ್ನಾಗಲಿ ಉದ್ದವನ್ನಾಗಲಿ ದರ್ಜಿಯು ಸುಲಭವಾಗಿ ತಿದ್ದಿಕೊಡುವನು; ಹೆಗಲನ್ನು ತಿದ್ದುವುದು ಪ್ರಯಾಸದ ಕೆಲಸ. ಕಾಲರಿನ ಗುಂಡಿಯನ್ನು ಹಾಕಿದ ಮೇಲೆ ಎರಡು ಬೆರಳು ಒಳಗೆ ಆಡುವಷ್ಟು ಎಡೆ ಸಾಕು. ತುಂಬುದೋಳು ಮಣಿಕಟ್ಟಿನಲ್ಲಿ ನಿಲ್ಲಬೇಕು. ಷರಾಯಿಯ ಅಂಚು ಪಾದರಕ್ಷೆಯ ಮೇಲೆ ತುಸು ತಂಗಿದರೆ ಚೆನ್ನ, ಗುಡ್ಡೆಯಾಗಿ ಬಿದ್ದರೆ ಹೀನ. ಬೆಳೆಯುವ ಮಕ್ಕಳಿಗೆಂದು ಒಂದಂಗುಲ ಹೆಚ್ಚಿಗೆ ಹೊಲಿಸುವ ವಾಡಿಕೆಯನ್ನು ನಲವತ್ತು ದಾಟಿದವರೂ ಏಕೆ ಅನುಸರಿಸುವರೋ ಅರಿಯೆ!

ಹತ್ತಿಬಟ್ಟೆಯು ಮೊದಲ ತೊಳೆತಕ್ಕೆ ಕುಗ್ಗುವುದುಂಟು. ಆದುದರಿಂದ ಹೊಲಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇನ್ನೂ ತುಸು ತೇವವಿರುವಾಗಲೇ ಇಸ್ತ್ರಿ ಮಾಡಿದರೆ ಸುಕ್ಕು ಬೇಗನೆ ಬಿಡುವುದು. ಪಂಚೆಗಾದರೋ ಈ ಅಂಕಗಳ ತೊಡಕೇ ಇಲ್ಲ. ದಿನದಿನವೂ ಅದನ್ನು ದೇಹಕ್ಕೆ ಹೊಂದಿಸುವ ದರ್ಜಿಯು ಉಡುವವನ ಕೈಯೇ.

ಹಾಗಾದರೆ ಯಾವ ಉಡುಪು ಶ್ರೇಷ್ಠ? 1931ರಲ್ಲಿ ಲಂಡನ್ನಿನಲ್ಲಿ ನಡೆದ ಎರಡನೆಯ ದುಂಡುಮೇಜಿನ ಪರಿಷತ್ತನ್ನು ನೆನೆಯಿರಿ. ಮಹಾತ್ಮಾ ಗಾಂಧಿಯವರು ಅಲ್ಲಿಗೆ ಹೋದುದು ತುಂಡುಪಂಚೆಯನ್ನುಟ್ಟು. ಹತ್ತು ವರ್ಷಗಳ ಹಿಂದೆ, 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ ಬಡವರ ಅರೆಬಟ್ಟೆಯನ್ನು ನೆನೆದು ಅವರು ಅಂಗಿ ಟೊಪ್ಪಿಗೆಗಳನ್ನು ಬಿಟ್ಟಿದ್ದರು. ಅದೇ ಪರಿಷತ್ತಿನಲ್ಲಿ ಡಾಕ್ಟರ್ ಅಂಬೇಡ್ಕರರು ಕೋಟು ಟೈಗಳನ್ನು ಧರಿಸಿ ಕುಳಿತಿದ್ದರು. ಒಳ್ಳೆಯ ಬಟ್ಟೆಯನ್ನು ಉಟ್ಟರೆ ಮೇಲಿನವರ ಕೋಪಕ್ಕೆ ಗುರಿಯಾಗಬೇಕಾಗಿದ್ದ ಜನದ ಪ್ರತಿನಿಧಿಗೆ ಆ ಕೋಟು ಒಂದು ಉತ್ತರವೇ ಆಗಿತ್ತೆಂದು ನನ್ನ ಭಾವನೆ. ಒಬ್ಬರು ಬಿಟ್ಟರು, ಒಬ್ಬರು ತೊಟ್ಟರು. ಅಂಜಿಕೆ ಇಬ್ಬರಲ್ಲಿಯೂ ಕಾಣಲಿಲ್ಲ. ನಮ್ಮ ವಿಶ್ವೇಶ್ವರಯ್ಯನವರ ಭಾವಚಿತ್ರಗಳಲ್ಲಿ ಸೀಮೆಯ ಕೋಟಿನ ಮೇಲೆ ಮೈಸೂರು ಪೇಟವಿದೆ. ಇವೆರಡಕ್ಕೂ ಅಲ್ಲಿ ಜಗಳವೆಂಬುದೇ ಇಲ್ಲ.

ಇಷ್ಟೆಲ್ಲ ಬರೆದ ನಾನು ಉಡುಪಿನಲ್ಲಿ ಪ್ರವೀಣನೆಂದು ಯಾರೂ ತಿಳಿಯಬಾರದು. ನನ್ನಲ್ಲಿರುವುದು ನಾಲ್ಕು ಬಿಳಿಯ ಅಂಗಿಗಳು, ಮೂರು ಪಂಚೆಗಳು, ಸಭೆಗೆಂದು ಒಂದು ಮುಚ್ಚುಕೋಟು. ಆದರೆ ಗುಂಡಿ ಬಿದ್ದರೆ ಮನೆಯವರನ್ನು ಕೂಗುವ ಅಭ್ಯಾಸ ನನಗಿಲ್ಲ. ಆ ಹುಡುಗನ ಚಡ್ಡಿಯ ಮೇಲೆ ಕಲಿತ ಹೊಲಿಗೆಯು ಈಗಲೂ ಉಪಯೋಗಕ್ಕೆ ಬರುತ್ತಿದೆ. ಕಳೆದ ವಾರ ಮೊಮ್ಮಗನ ಅಂಗಿಗೆ ಎರಡು ಗುಂಡಿಗಳನ್ನು ಹಾಕಿಕೊಟ್ಟೆನು. ದಾರದ ಬಣ್ಣವು ಒಪ್ಪಲಿಲ್ಲವೆಂದು ಅವನ ಆಕ್ಷೇಪಣೆ.