ಮೊದಲು ಸ್ವಿಚ್ಚು, ಆಮೇಲೆ ಕೈ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಬೇಸಾಯದಲ್ಲಿ ವಿದ್ಯುಚ್ಛಕ್ತಿ ಇಂದು ನೇಗಿಲಿನಷ್ಟೇ ಬಳಕೆಯ ಸಾಧನ. ಅಂಜನಾಪುರ ಜಲಾಶಯದ ನಾಲೆ ಮುಟ್ಟದ ಜಮೀನಿಗೂ, ಕೆರೆಯ ನೀರು ತಳ ಕಂಡ ಮೇಲೆ ಅಡಿಕೆ ತೋಟಕ್ಕೂ ಕೊಳವೆ ಬಾವಿಯೇ ಆಸರೆ. ನೆರೆಯ ಸಾಗರ ತಾಲ್ಲೂಕಿನ ಜೋಗದಲ್ಲಿ, ಇಂದು ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವ ಜಲವಿದ್ಯುತ್ ಕೇಂದ್ರ 1948ರಲ್ಲಿ ಆರಂಭವಾಯಿತು. ಅಂದಿನಿಂದಲೂ ನಮ್ಮ ಜಿಲ್ಲೆ ನಾಡಿಗೆ ವಿದ್ಯುತ್ತನ್ನು ಕೊಡುತ್ತ ಬಂದಿದೆ. ಅದೇ ವಿದ್ಯುತ್ತು ಅಜಾಗರೂಕತೆಯಿಂದ ಮುಟ್ಟಿದವರ ಮನೆಯ ದೀಪವನ್ನೂ ಆರಿಸಬಲ್ಲುದು. ಕೆಲವು ಸರಳ ನಿಯಮಗಳನ್ನು ಪಾಲಿಸಿದರೆ ಇಂತಹ ಅನಾಹುತಗಳಲ್ಲಿ ಬಹುಪಾಲು ತಪ್ಪಿಸಬಹುದು.

ಫ್ಯೂಸು ಮನುಷ್ಯನನ್ನು ಕಾಯುವುದಿಲ್ಲ

"ಫ್ಯೂಸು ಇದೆಯಲ್ಲ, ಭಯವೇನು?" ಎಂದು ಅನೇಕ ರೈತರು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. 5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಓಡುವಾಗ ಸುಮಾರು 7 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಮನುಷ್ಯನ ಹೃದಯದ ಬಡಿತ ಕೆಡಲು ಅದರ ನೂರನೆಯ ಒಂದು ಪಾಲು ಸಾಕು. ಇನ್ನೂ ಕಡಿಮೆ, 10 ಮಿಲಿಆಂಪಿಯರಿನ ಆಸುಪಾಸಿನಲ್ಲೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದಂತೆ ಆಗುತ್ತದೆ. ಇಷ್ಟು ಅಲ್ಪ ವಿದ್ಯುತ್ತಿಗೆ ಫ್ಯೂಸು ಕರಗುವುದಿಲ್ಲ. ಅದು ಇರುವುದು ಮೋಟಾರನ್ನೂ ತಂತಿಯನ್ನೂ ಕಾಯಲು.

ಮನುಷ್ಯನನ್ನು ಕಾಯಲು ಭೂಸೋರಿಕೆ ಬ್ರೇಕರ್ ಎಂಬ ಬೇರೆಯೇ ಉಪಕರಣವಿದೆ. 30 ಮಿಲಿಆಂಪಿಯರ್ ಸೋರಿಕೆ ಕಂಡೊಡನೆ ಇದು ವಿದ್ಯುತ್ತನ್ನು ಕಡಿಯುತ್ತದೆ. ಮನೆಗೂ ಪಂಪುಮನೆಗೂ ಯಾವ ಅಳತೆಯದು ಸೂಕ್ತವೆಂದು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರನ್ನು ಕೇಳಿ ಹಾಕಿಸಿರಿ.

ಮೋಟಾರು ನಿಂತರೂ ತಂತಿಯಲ್ಲಿ ಜೀವವಿರಬಹುದು

ನೀರಾವರಿ ಪಂಪುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆ ಮಾತ್ರ ಬರುತ್ತದೆ. ಉಳಿದ ವೇಳೆಯಲ್ಲಿ ಕೆಲವು ಮಾರ್ಗಗಳಲ್ಲಿ ಒಂದು ಫೇಸು ಹರಿಯುತ್ತಲೇ ಇರುತ್ತದೆ. ಮೋಟಾರು ಓಡುವುದಿಲ್ಲವಾದ್ದರಿಂದ "ಕರೆಂಟು ಹೋಗಿದೆ" ಎಂದು ತಿಳಿದು ಸ್ಟಾರ್ಟರಿಗೆ ಕೈ ಹಾಕುವುದು ಬಹಳ ಅಪಾಯಕರ. ಆಟೋ ಸ್ಟಾರ್ಟರ್ ಅಳವಡಿಸಿದ್ದರೆ ವಿದ್ಯುತ್ತು ಬಂದೊಡನೆ ಯಾರೂ ಮುಟ್ಟದೆಯೇ ಮೋಟಾರು ಚಾಲೂ ಆಗುತ್ತದೆ. ಆದುದರಿಂದ ಪಂಪುಸೆಟ್ಟಿನ ಯಾವುದೇ ಕೆಲಸಕ್ಕೆ ಮುನ್ನ ಈ ಕ್ರಮಗಳನ್ನು ಅನುಸರಿಸಿರಿ:

1. ಸ್ಟಾರ್ಟರ್ ನಿಲ್ಲಿಸಿದರೆ ಸಾಲದು. ಮುಖ್ಯ ಸ್ವಿಚ್ಚನ್ನು ಆರಿಸಿ, ಮೂರು ಫ್ಯೂಸುಗಳನ್ನೂ ಕಿತ್ತು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿರಿ. ದೂರದಿಂದ ಬಂದ ಮತ್ತೊಬ್ಬರು ಸ್ವಿಚ್ಚು ಹಾಕಿದರೂ ಆಗ ಅಪಾಯವಿಲ್ಲ.

2. ಟೆಸ್ಟರನ್ನು ಮೊದಲು ವಿದ್ಯುತ್ತಿರುವ ಜಾಗದಲ್ಲಿ ಪರೀಕ್ಷಿಸಿ, ಅದು ಸರಿಯಿದೆಯೆಂದು ಖಚಿತವಾದ ಮೇಲೆ ಮೂರು ಫೇಸುಗಳನ್ನೂ ನೋಡಿರಿ.

3. ಒದ್ದೆ ಕೈ, ಬರಿಗಾಲಿನಲ್ಲಿ ಸ್ಟಾರ್ಟರನ್ನು ಮುಟ್ಟಬೇಡಿರಿ. ಪೆಟ್ಟಿಗೆಯ ಮುಂದೆ ಒಣ ಮರದ ಹಲಗೆ ಅಥವಾ ರಬ್ಬರ್ ಚಾಪೆ ಇರಲಿ.

4. ಮೋಟಾರು ಮತ್ತು ಸ್ಟಾರ್ಟರ್ ಪೆಟ್ಟಿಗೆಗೆ ಭೂಸಂಪರ್ಕ ಕಡ್ಡಾಯ. ಸುಮಾರು ಎರಡೂವರೆ ಮೀಟರ್ ಉದ್ದದ ಜಿ.ಐ. ಕೊಳವೆಯನ್ನು ಇದ್ದಿಲು, ಉಪ್ಪಿನೊಡನೆ ಹೂಳಿಸಿ, ಬೇಸಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ. ಮುಂಗಾರಿಗೆ ಮುನ್ನ ಜೋಡಣೆಗಳನ್ನು ಪರೀಕ್ಷಿಸಿರಿ.

5. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದರೆ ನೀವೇ ಕಂಬ ಹತ್ತಬೇಡಿರಿ. ಅಲ್ಲಿಗೆ ಬರುವುದು 11,000 ವೋಲ್ಟ್. ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ, ಲೈನ್‌ಮನ್ ಬರುವವರೆಗೆ ಕಾಯಿರಿ. ಒಂದು ದಿನದ ನೀರು ತಪ್ಪಿದರೆ ಬೆಳೆ ತಡೆದುಕೊಂಡೀತು.

ದೋಟಿ, ಹುಲ್ಲಿನ ಗಾಡಿ ಮತ್ತು ಮೇಲಿನ ತಂತಿ

ಹೊಲದ ಮೇಲೆ ಹಾಯುವ 11,000 ವೋಲ್ಟಿನ ಬರಿ ತಂತಿಗೆ ನೆಲದಿಂದ ಇರಬೇಕಾದ ಕನಿಷ್ಠ ಎತ್ತರ 4.6 ಮೀಟರ್, ಎಂದರೆ ಸುಮಾರು 15 ಅಡಿ. ಹುಲ್ಲು ತುಂಬಿದ ಟ್ರ್ಯಾಕ್ಟರಿನ ಮೇಲೆ ನಿಂತ ಆಳಿನ ತಲೆ ಈ ಎತ್ತರವನ್ನು ಸುಲಭವಾಗಿ ಮುಟ್ಟುತ್ತದೆ. ಅಡಿಕೆ ಕೊಯ್ಯುವ, ಔಷಧಿ ಸಿಂಪಡಿಸುವ ದೋಟಿಯಂತೂ ಅದಕ್ಕಿಂತ ಬಹು ಎತ್ತರ. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ತು ಹರಿಯುತ್ತದೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಯಲ್ಲೂ ಅದು ಹರಿಯುತ್ತದೆ ಎಂಬುದನ್ನು ಮರೆಯಬಾರದು. ಹಸಿ ಬಿದಿರೂ ಸುರಕ್ಷಿತವಲ್ಲ. ತಂತಿಯ ಬದಿಯ ಮರಗಳ ಕೊಯ್ಲಿಗೆ ಮೊದಲೇ ಮೆಸ್ಕಾಂ ಶಾಖೆಗೆ ತಿಳಿಸಿ, ಮಾರ್ಗವನ್ನು ನಿಲ್ಲಿಸಿಕೊಂಡ ಮೇಲೆಯೇ ಕೆಲಸ ಮಾಡಿಸಿರಿ.

ಗಾಳಿಮಳೆಗೆ ತಂತಿ ಹರಿದು ಬಿದ್ದರೆ ಅದರ ಸುತ್ತಲ ನೆಲಕ್ಕೂ ವಿದ್ಯುತ್ತು ಹಬ್ಬುತ್ತದೆ. ಕನಿಷ್ಠ 10 ಮೀಟರ್ ದೂರವಿರಿ. ಸಮೀಪದಲ್ಲಿದ್ದರೆ ದಾಪುಗಾಲು ಹಾಕದೆ, ಎರಡೂ ಪಾದಗಳನ್ನು ಜೋಡಿಸಿಕೊಂಡು ನೆಲಕ್ಕೆ ತಿಕ್ಕುತ್ತ ಹೊರಬನ್ನಿರಿ. ಹೆಜ್ಜೆಗಳ ನಡುವಿನ ಅಂತರ ಹೆಚ್ಚಿದಷ್ಟೂ ಆಘಾತ ಹೆಚ್ಚು. ಮುಂಗಾಲು ಹಿಂಗಾಲುಗಳ ಅಂತರ ದೊಡ್ಡದಾದ ಕಾರಣ ದನಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ದನವನ್ನು ಉಳಿಸಲು ನೀವು ಓಡಬೇಡಿರಿ. ಕಂಬಕ್ಕೂ ಅದರ ಸ್ಟೇ ತಂತಿಗೂ ದನಗಳನ್ನು ಕಟ್ಟಬೇಡಿರಿ.

ಹಂದಿ ಕಾಟಕ್ಕೆಂದು ಬೇಲಿಗೆ ನೇರವಾಗಿ ವಿದ್ಯುತ್ತು ಹಾಯಿಸುವುದು ಅಪರಾಧ. ಕತ್ತಲಲ್ಲಿ ಆ ಬೇಲಿಗೆ ಸಿಕ್ಕುವುದು ಹಂದಿಯೇ ಆಗಬೇಕೆಂದಿಲ್ಲ, ನೀರು ಕಟ್ಟಲು ಹೊರಟ ಪಕ್ಕದ ಜಮೀನಿನವನೂ ಆಗಬಹುದು. ಬೇಕಾದಲ್ಲಿ ಕ್ಷಣಮಾತ್ರದ ಮಿಡಿತ ನೀಡುವ ಪ್ರಮಾಣಿತ ಸೌರ ಬೇಲಿಯನ್ನೇ ಹಾಕಿಸಿರಿ.

ಶಾಕ್ ತಗುಲಿದಾಗ

ತಂತಿ ಹಿಡಿದು ಒದ್ದಾಡುವವನನ್ನು ಕಂಡಾಗ ಓಡಿಹೋಗಿ ಎಳೆಯಬೇಕೆನಿಸುವುದು ಸಹಜ. ಮಗನನ್ನು ಎಳೆಯಲು ಹೋದ ತಂದೆ, ತಂದೆಯನ್ನು ಹಿಡಿದ ತಾಯಿ, ಹೀಗೆ ಒಂದೇ ತಂತಿಗೆ ಒಂದೇ ಮನೆಯವರು ಬಲಿಯಾಗುವುದು ಈ ಆತುರದಿಂದಲೇ. ಇಲ್ಲಿಯೂ ನಿಯಮ ಅದೇ: ಮೊದಲು ಸ್ವಿಚ್ಚು, ಆಮೇಲೆ ಕೈ.

ಸ್ವಿಚ್ಚು ದೂರವಿದ್ದು, ತಂತಿ ಮನೆಯದೋ ಪಂಪಿನದೋ ಆಗಿದ್ದರೆ ಮಾತ್ರ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬಹುದು. 11,000 ವೋಲ್ಟಿನ ತಂತಿಯಾದರೆ ಯಾವ ಕೋಲೂ ನಿಮ್ಮನ್ನು ಕಾಯದು. 1912ಕ್ಕೆ ಕರೆಮಾಡಿ, ಮಾರ್ಗ ನಿಂತಿದೆಯೆಂದು ಅವರು ಹೇಳುವವರೆಗೆ ದೂರವಿರಿ. ಪಂಪಿರುವ ಬಾವಿಯಲ್ಲಿ ಯಾರಾದರೂ ಬಿದ್ದಿದ್ದರೂ ವಿದ್ಯುತ್ತು ಕಡಿಯದೆ ನೀರಿಗಿಳಿಯಬೇಡಿರಿ.

ಬಿಡಿಸಿದ ಮೇಲೆ ಒಂದು ನಿಮಿಷವೂ ವ್ಯರ್ಥವಾಗಬಾರದು. ಹೃದಯ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್. ತಾಲ್ಲೂಕು ಆಸ್ಪತ್ರೆಯೂ ಅನೇಕ ಹಳ್ಳಿಗಳಿಗೆ ದೂರವೇ. ಆ ಮೊದಲ ನಿಮಿಷಗಳಲ್ಲಿ ಜೀವ ಉಳಿಸಬಲ್ಲವರು ಹೊಲದಲ್ಲಿರುವ ನೀವೇ.

1. ಭುಜ ತಟ್ಟಿ ಕೂಗಿರಿ. ಎಚ್ಚರವಿಲ್ಲದೆ, ಉಸಿರಾಟವೂ ಸರಿಯಾಗಿಲ್ಲದಿದ್ದರೆ ಇನ್ನೊಬ್ಬರಿಂದ 108ಕ್ಕೆ ಕರೆಮಾಡಿಸಿರಿ. ಆಗೊಮ್ಮೆ ಈಗೊಮ್ಮೆ ಬರುವ ಏದುಸಿರನ್ನು ಉಸಿರಾಟವೆಂದು ಎಣಿಸಬಾರದು.

2. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದನ್ನಿಟ್ಟು, ಮೊಣಕೈ ಮಡಚದೆ ಒತ್ತಿರಿ. ಎದೆ 5ರಿಂದ 6 ಸೆಂಟಿಮೀಟರ್ ತಗ್ಗಬೇಕು. ವೇಗ ನಿಮಿಷಕ್ಕೆ 100ರಿಂದ 120.

3. ಅಭ್ಯಾಸವಿದ್ದವರು 30 ಒತ್ತಿಗೊಮ್ಮೆ, ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಲಿ. ಅಭ್ಯಾಸವಿಲ್ಲದವರು ಬಿಡುವಿಲ್ಲದೆ ಒತ್ತುತ್ತಿರಲಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ.

4. ಉಸಿರಾಡುತ್ತಿದ್ದು ಎಚ್ಚರವಿಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿರಿ. ಮರದಿಂದಲೋ ಕಂಬದಿಂದಲೋ ಬಿದ್ದಿದ್ದರೆ ಕುತ್ತಿಗೆ ಅಲುಗದಂತೆ ನೋಡಿಕೊಳ್ಳಿರಿ.

5. ಸುಟ್ಟ ಜಾಗಕ್ಕೆ ತಣ್ಣೀರು ಬಿಟ್ಟು, ಶುಭ್ರ ಬಟ್ಟೆ ಹೊದಿಸಿರಿ. ಶಾಯಿ, ಪೇಸ್ಟು, ಎಣ್ಣೆ ಬೇಡ.

ಶಾಕ್ ತಗುಲಿದವರನ್ನು ಮಣ್ಣಿನಲ್ಲಿ ಹೂಳುವುದು, ಬಾಯಿಗೆ ನೀರು ಹುಯ್ಯುವುದು, ಅಂಗಾಲು ತಿಕ್ಕುತ್ತ ಕೂರುವುದು, ಇವುಗಳಿಂದ ಪ್ರಯೋಜನವಿಲ್ಲ. ಉಳಿಸಬಹುದಾದ ಸಮಯ ಕಳೆದುಹೋಗುತ್ತದೆ. ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ಹೃದಯಕ್ಕೆ, ಸ್ನಾಯುಗಳಿಗೆ ಪೆಟ್ಟಾಗಿರಬಹುದು.

ರೈತ ಬಾಂಧವರೇ, 1912 ಮತ್ತು 108 ಎಂಬ ಎರಡು ಸಂಖ್ಯೆಗಳನ್ನು ಪಂಪುಮನೆಯ ಬಾಗಿಲಿನ ಮೇಲೆ ದೊಡ್ಡದಾಗಿ ಬರೆಸಿರಿ. ಮುಖ್ಯ ಸ್ವಿಚ್ಚು ಎಲ್ಲಿದೆ, ಆರಿಸುವುದು ಹೇಗೆ ಎಂಬುದನ್ನು ಮನೆಯ ಹೆಂಗಸರಿಗೂ ಬೆಳೆದ ಮಕ್ಕಳಿಗೂ ಆಳುಗಳಿಗೂ ಈ ವಾರವೇ ತೋರಿಸಿಕೊಡಿರಿ. ನಿಮಗೆ ಶಾಕ್ ತಗುಲಿದ ದಿನ ಸ್ವಿಚ್ಚಿಗೆ ಓಡಬೇಕಾದವರು ಅವರೇ.